ಹಳೆ ಸಣ್ಣ ಕಾರು ತಗೊಳ್ಳೋಕೆ ಮುಂಚೆ ಏನೇನು ನೋಡ್ಬೇಕು: ಪದೇ ಪದೇ ಕೇಳೋ ಪ್ರಶ್ನೆಗಳು

ಹಳೆ ಕಾರು ತಗೊಳ್ಳೋಕೆ ಹೊರಟವರು ನನ್ನನ್ನ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು, ಪ್ರತಿ ಸಲ ಅದನ್ನೇ ಹೇಳಿ ಹೇಳಿ ಸಾಕಾಗಿ ಒಂದು ಕಡೆ ಬರೆದಿಟ್ಟಿದೀನಿ. ನಾನು ಮೆಕ್ಯಾನಿಕ್ ಅಲ್ಲ, ಆದ್ರೆ ಹಳೆ ಹ್ಯಾಚ್‌ಬ್ಯಾಕ್‌ಗಳನ್ನೇ ಓಡಿಸ್ಕೊಂಡು ಬಂದವನು, ಒಂದೆರಡು ಸಲ ಚೆನ್ನಾಗಿ ಬೋಳಿಸ್ಕೊಂಡವನು ಕೂಡ.

ಹತ್ತು ಹದಿನೈದು ವರ್ಷದ ಕಾರು ತಗೊಳ್ಳೋದು ಜಾಣತನಾನಾ, ಹುಚ್ಚುತನಾನಾ?

ಕಾರು ನೋಡಿ ಹೇಳ್ಬೇಕು. ಸಣ್ಣ ಕಾರಿನ ಬೆಲೆ ಮೊದಲ ಕೆಲವು ವರ್ಷದಲ್ಲೇ ಜಾಸ್ತಿ ಇಳಿದುಬಿಡತ್ತೆ, ಆ ಪೆಟ್ಟು ಬೇರೆಯವರು ತಿಂದಿರ್ತಾರೆ, ಅಷ್ಟರಮಟ್ಟಿಗೆ ನಿಮಗೆ ಲಾಭಾನೇ. ಆದ್ರೆ ಹಳೇ ಕಾರಲ್ಲಿ ಏನೂ ದೋಷ ಇರಬಾರದು ಅಂತ ಹುಡುಕ್ತಾ ಹೋದ್ರೆ ಜನ್ಮದಲ್ಲಿ ಸಿಗಲ್ಲ. ನಾನು ಹೇಳೋದು ಇಷ್ಟೇ, ಬಿಚ್ಚಿ ಬದಲಾಯಿಸಬಹುದಾದ್ದಕ್ಕೆ ಹೆದರಬೇಡಿ, ಬದಲಾಯಿಸೋಕೆ ಆಗದೇ ಇರೋದಕ್ಕೆ ಹೆದರಿ. ಕ್ಲಚ್ ಹೋಗಿದ್ಯಾ, ಹಾಕಿಸ್ಬಹುದು. ಶಾಕ್ ಅಬ್ಸಾರ್ಬರ್ ಸೋರ್ತಿದ್ಯಾ, ಹಾಕಿಸ್ಬಹುದು. ಬಾಡಿ ತುಕ್ಕು ಹಿಡಿದು ಕೊಳೆತಿದ್ರೆ, ಚಾಸಿ ಸೊಟ್ಟ ಆಗಿದ್ರೆ, ನೀರಲ್ಲಿ ಮುಳುಗಿ ವೈರಿಂಗೆಲ್ಲ ಹಾಳಾಗಿದ್ರೆ, ಅದು ಕೈಮುಗಿದು ವಾಪಸ್ ಬರೋ ಕಾರು.

ವಯಸ್ಸು ನೋಡ್ಬೇಕಾ, ಕಿಲೋಮೀಟರ್ ನೋಡ್ಬೇಕಾ?

ಎಲ್ಲರೂ ಮೊದಲು ಕಿಲೋಮೀಟರೇ ಕೇಳ್ತಾರೆ. ನನಗೆ ಕೇಳಿದ್ರೆ 12 ವರ್ಷದಲ್ಲಿ 30,000 ಓಡಿರೋ ಕಾರಿಗಿಂತ 1,20,000 ಓಡಿ ಸರಿಯಾಗಿ ಸರ್ವೀಸ್ ಆಗಿರೋ ಕಾರು ಎಷ್ಟೋ ಮೇಲು. ಕಡಿಮೆ ಓಡಿದೆ ಅಂದ್ರೆ ಒಂದೊಂದು ಸಲಕ್ಕೂ ಎರಡು ಮೂರು ಕಿಲೋಮೀಟರ್ ಓಡಿ ನಿಂತಿರತ್ತೆ, ಇಂಜಿನ್ ಪೂರ್ತಿ ಬಿಸಿನೇ ಆಗಿರಲ್ಲ, ಆಯಿಲ್ ಒಳಗೆ ನೀರಿನಂಶ ಸೇರ್ಕೊಂಡು ಕೆಸರಿನ ಥರ ಕಟ್ಟತ್ತೆ, ಸೈಲೆನ್ಸರ್ ಒಳಗಿಂದ ತುಕ್ಕು ತಿನ್ನತ್ತೆ, ನಿಂತೂ ನಿಂತು ರಬ್ಬರೆಲ್ಲ ಸೆಟೆದುಕೊಂಡಿರತ್ತೆ. ರಬ್ಬರಿಗೆ ಕಿಲೋಮೀಟರ್ ಗೊತ್ತಾಗಲ್ಲ, ವರ್ಷ ಮಾತ್ರ ಗೊತ್ತಾಗೋದು.

ಸಣ್ಣ ಕಾರಿಗೆ ಇನ್ನೊಂದು ಹಣೆಬರಹ ಇದೆ, ಮನೆಮಂದಿಯೆಲ್ಲ ಡ್ರೈವಿಂಗ್ ಕಲಿಯೋದು ಅದರ ಮೇಲೇ. ನಾಲ್ಕು ಮೂಲೆಯಲ್ಲೂ ಗೀರು, ರಿಮ್ ಅಂಚೆಲ್ಲ ತರಚು ಇದ್ರೆ ಕ್ಲಚ್ಚು ಗೇರು ಸ್ವಲ್ಪ ಹುಷಾರಾಗಿ ನೋಡಿ.

ಮೀಟರ್ ಹಿಂದಕ್ಕೆ ತಿರುಗಿಸಿದ್ದಾರೋ ಇಲ್ವೋ ಹೇಗೆ ಗೊತ್ತಾಗತ್ತೆ?

ಡಿಜಿಟಲ್ ಮೀಟರ್ ತಿರುಗಿಸೋಕಾಗಲ್ಲ ಅನ್ನೋದು ಸುಳ್ಳು, ಲ್ಯಾಪ್‌ಟಾಪ್ ಇಟ್ಕೊಂಡು ಕೂತ್ರೆ ಸ್ವಲ್ಪ ಹೊತ್ತಿನ ಕೆಲಸ ಅದು. ಮೀಟರ್ ಏನ್ ಹೇಳತ್ತೋ ಬಿಡಿ, ಕಾರು ಏನ್ ಹೇಳತ್ತೆ ನೋಡಿ. ಪೆಡಲ್ ಮೇಲಿನ ರಬ್ಬರ್ ಸವೆದು ನುಣ್ಣಗಾಗಿದೆ, ಸ್ಟೇರಿಂಗ್ ಹಿಡಿಯೋ ಜಾಗ ಹೊಳೀತಿದೆ, ಡ್ರೈವರ್ ಸೀಟಿನ ಬಾಗಿಲ ಕಡೆ ಅಂಚು ಕುಸಿದಿದೆ, ಗೇರ್ ನಾಬ್ ಮೇಲಿನ ನಂಬರ್ ಅಳಿಸಿಹೋಗಿದೆ, ಮೀಟರ್ ಮಾತ್ರ 40,000 ತೋರಿಸ್ತಿದೆ ಅಂದ್ರೆ ಎಲ್ಲೋ ಎಡವಟ್ಟಿದೆ. ಉಲ್ಟಾನೂ ಯೋಚನೆ ಮಾಡಿ, ಹಳೇ ಕಾರಿಗೆ ಪೆಡಲ್ ರಬ್ಬರ್ ಹೊಚ್ಚ ಹೊಸದು, ಸ್ಟೇರಿಂಗ್ ಕವರ್ ನಿನ್ನೆ ಹಾಕಿದ್ದು ಅಂದ್ರೆ ಯಾಕೆ ಹಾಕಿದ್ರು?

ಗಟ್ಟಿ ಸಾಕ್ಷಿ ಅಂದ್ರೆ ಸರ್ವೀಸ್ ಬಿಲ್ಲುಗಳು, ಪ್ರತಿ ಬಿಲ್ಲಲ್ಲೂ ತಾರೀಖು ಕಿಲೋಮೀಟರ್ ಎರಡೂ ಇರತ್ತೆ. ಹೋದ ವರ್ಷದ ಬಿಲ್ಲಲ್ಲಿ 95,000 ಇದ್ದು ಈಗ ಮೀಟರಲ್ಲಿ 62,000 ಇದ್ರೆ ಮಾತು ಅಲ್ಲಿಗೇ ಮುಗೀತು. ಬಾನೆಟ್ ಒಳಗೆ, ಬಾಗಿಲ ಸಂದಿಯಲ್ಲಿ ಆಯಿಲ್ ಬದಲಾಯಿಸಿದ ಸ್ಟಿಕರ್ ಅಂಟಿಸಿರ್ತಾರೆ, ಅದನ್ನ ಕೀಳೋದು ಎಷ್ಟೋ ಸಲ ಮರೆತಿರ್ತಾರೆ.

ಕಾರು ನೋಡೋಕೆ ಯಾವಾಗ ಹೋಗೋದು ಒಳ್ಳೇದು?

ಬೆಳಗ್ಗೆ, ಒಣಗಿರೋ ದಿನ, ಇಂಜಿನ್ ತಣ್ಣಗಿರೋವಾಗ. ಇದೊಂದನ್ನ ಮಾತ್ರ ಬಿಡಬೇಡಿ. ರಾತ್ರಿ ಲೈಟಲ್ಲಿ ಪೇಂಟಿನ ವ್ಯತ್ಯಾಸ ಕಾಣಲ್ಲ, ಮಳೇಲಿ ನೆಂದ ಕಾರು ಎಂಥದ್ದೇ ಆದ್ರೂ ಹೊಸದರ ಥರ ಮಿಂಚತ್ತೆ.

ನನ್ನ ಮೊದಲ ಕಾರು ತಗೊಳ್ಳೋವಾಗ ಮಾರೋ ಮನುಷ್ಯ ನಾನು ಹೋಗೋ ಹೊತ್ತಿಗೆ ಸರಿಯಾಗಿ ಒಂದು ರೌಂಡ್ ಹೋಗಿ ಬಂದು ಕಾರು ಆನಲ್ಲೇ ಇಟ್ಟಿದ್ದ, "ನಿಮಗೋಸ್ಕರ ಎಸಿ ಹಾಕಿ ತಂಪು ಮಾಡಿಟ್ಟಿದೀನಿ ಬನ್ನಿ" ಅಂದ. ಎಂಥ ಒಳ್ಳೆ ಮನುಷ್ಯ ಅಂದ್ಕೊಂಡೆ. ಮನೆಗೆ ತಂದು ಮಾರನೇ ದಿನ ಬೆಳಗ್ಗೆ ಕೀ ತಿರುಗಿಸಿದ್ರೆ ನಾಲ್ಕು ಸಲಕ್ಕೆ ಸ್ಟಾರ್ಟ್ ಆಯ್ತು, ಹಿಂದೆ ನೀಲಿ ಹೊಗೆ, ಮುಂದೆ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಸದ್ದು. ಬಿಸಿ ಇಂಜಿನ್ ಎಷ್ಟೋ ರೋಗ ಮುಚ್ಚಿಡತ್ತೆ. ಅವತ್ತಿಂದ ಮೊದಲು ಬಾನೆಟ್ ಮೇಲೆ ಕೈ ಇಟ್ಟು ನೋಡ್ತೀನಿ, ಬೆಚ್ಚಗಿದ್ರೆ "ಪರವಾಗಿಲ್ಲ, ನಾಳೆ ಬರ್ತೀನಿ, ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ" ಅಂತ ಹೇಳಿ ಬರ್ತೀನಿ. ಅದಕ್ಕೆ ಅವರ ಮುಖ ಹೆಂಗಾಗತ್ತೆ ಅನ್ನೋದೇ ಅರ್ಧ ಉತ್ತರ.

ಹೊಗೆ ಬಣ್ಣ ನೋಡಿ ಹೇಳ್ಬಹುದು ಅಂತಾರಲ್ಲ, ನಿಜಾನಾ?

ನಿಜ. ನೀಲಿ ಹೊಗೆ ಅಂದ್ರೆ ಇಂಜಿನ್ ಆಯಿಲ್ ಸುಡ್ತಿದೆ ಅಂತ ಅರ್ಥ. ಸ್ಟಾರ್ಟ್ ಮಾಡಿದ ತಕ್ಷಣ ಒಂದು ಸಲ ಬಂದು ನಿಂತ್ರೆ ವಾಲ್ವ್ ಸೀಲ್ ಹೋಗಿರೋ ಸಾಧ್ಯತೆ ಜಾಸ್ತಿ, ಅದು ಅಷ್ಟು ದೊಡ್ಡ ಕಥೆ ಅಲ್ಲ. ಆಕ್ಸಿಲರೇಟರ್ ಒತ್ತಿದಾಗೆಲ್ಲ ಬರ್ತಾನೇ ಇದ್ರೆ ಪಿಸ್ಟನ್ ರಿಂಗ್ ಸವೆದಿರಬಹುದು, ಅಂದ್ರೆ ಇಂಜಿನ್ ಬಿಚ್ಚೋ ಕೆಲಸ. ಪೆಟ್ರೋಲ್ ಕಾರಲ್ಲಿ ಕಪ್ಪು ಹೊಗೆ ಬಂದ್ರೆ ಪೆಟ್ರೋಲ್ ಹೆಚ್ಚಾಗಿ ಹೋಗ್ತಿದೆ ಅಂತ, ಸೆನ್ಸರೋ ಇಂಜೆಕ್ಟರೋ ಏನೋ ಒಂದು, ಸರಿ ಮಾಡಿಸ್ಬಹುದು.

ಬಿಳಿ ಹೊಗೆ ವಿಷಯದಲ್ಲಿ ಜನ ಸುಮ್ಮನೆ ಗಾಬರಿ ಆಗ್ತಾರೆ. ಚಳಿಗೆ ಸ್ಟಾರ್ಟ್ ಮಾಡಿದಾಗ ಬರೋ ತೆಳು ಬಿಳಿ ಬರೀ ನೀರಿನ ಆವಿ, ಎರಡು ನಿಮಿಷಕ್ಕೆ ಮಾಯ ಆಗತ್ತೆ. ಇಂಜಿನ್ ಬಿಸಿಯಾದ ಮೇಲೂ ದಟ್ಟವಾಗಿ ಬರ್ತಾನೇ ಇದ್ದು, ಒಂಥರ ಸಿಹಿ ವಾಸನೆ ಇದ್ರೆ ಕೂಲೆಂಟ್, ಅಂದ್ರೆ ಇಂಜಿನ್ ತಂಪು ಮಾಡೋ ನೀರು, ಸಿಲಿಂಡರ್ ಒಳಗೆ ಹೋಗಿ ಉರೀತಿದೆ ಅಂತ, ಇಂಜಿನ್ ತಲೆಭಾಗದ ಸೀಲು, ಹೆಡ್ ಗ್ಯಾಸ್ಕೆಟ್, ಹೋಗಿರತ್ತೆ. ಆ ಕಾರು ಬೇಡ.

ಬಾನೆಟ್ ಎತ್ತಿದ್ರೆ ನಂಗೇನೂ ಅರ್ಥ ಆಗಲ್ಲ, ಏನ್ ನೋಡ್ಲಿ?

ಅರ್ಥ ಆಗಬೇಕಿಲ್ಲ, ಕಣ್ಣು ಮೂಗು ಇದ್ರೆ ಸಾಕು. ಆಯಿಲ್ ಅಳೆಯೋ ಕಡ್ಡಿ, ಡಿಪ್‌ಸ್ಟಿಕ್, ತೆಗೆದು ಒರೆಸಿ ಮತ್ತೆ ಹಾಕಿ ತೆಗೀರಿ, ಆಯಿಲ್ ಎರಡು ಗುರುತಿನ ಮಧ್ಯ ಇರಬೇಕು. ಕಪ್ಪಗಿದ್ರೆ ಪರವಾಗಿಲ್ಲ, ಗಂಜಿ ಥರ ಬೆಳ್ಳಗಾಗಿದ್ರೆ ನೀರು ಸೇರಿದೆ ಅಂತ. ಆಯಿಲ್ ಹಾಕೋ ಮುಚ್ಚಳದ ಒಳಗಡೆ ಮಾತ್ರ ಸ್ವಲ್ಪ ಬೆಣ್ಣೆ ಥರ ಇದ್ರೆ ಸಣ್ಣ ಸಣ್ಣ ಓಡಾಟದಿಂದಲೂ ಆಗತ್ತೆ, ಅದೊಂದಕ್ಕೇ ಕಾರು ಬಿಡಬೇಡಿ, ಡಿಪ್‌ಸ್ಟಿಕ್ಕೂ ಕೂಲೆಂಟೂ ನೋಡಿ ಆಮೇಲೆ ತೀರ್ಮಾನ ಮಾಡಿ.

ಕೂಲೆಂಟ್ ಹಸಿರೋ ಗುಲಾಬಿಯೋ ನೀಲಿಯೋ ಯಾವುದೋ ಒಂದು ಬಣ್ಣದಲ್ಲಿ ತಿಳಿಯಾಗಿರಬೇಕು. ತುಕ್ಕಿನ ಬಣ್ಣ ಅಥವಾ ಬರೀ ನಲ್ಲಿ ನೀರು ಇದ್ರೆ ವರ್ಷಗಟ್ಟಲೆ ಯಾರೂ ತಿರುಗಿ ನೋಡಿಲ್ಲ, ಮೇಲೆ ಎಣ್ಣೆ ತೇಲ್ತಿದ್ರೆ ಮತ್ತೆ ಗ್ಯಾಸ್ಕೆಟ್ ಕಥೆನೇ. ಇಂಜಿನ್ ಬಿಸಿ ಇದ್ದಾಗ ಮಾತ್ರ ಕೂಲೆಂಟ್ ಮುಚ್ಚಳ ಬಿಚ್ಚೋಕೆ ಹೋಗ್ಬೇಡಿ, ಕುದಿಯೋ ನೀರು ಮುಖಕ್ಕೇ ಹಾರತ್ತೆ.

ಇನ್ನು, ಇಂಜಿನ್ ಪಳಪಳ ತೊಳೆದಿಟ್ಟಿದ್ರೆ ಖುಷಿ ಪಡಬೇಡಿ. ಹಳೆ ಇಂಜಿನ್ ಮೇಲೆ ಧೂಳು ಇರೋದು ಸಹಜ, ಆ ಧೂಳಲ್ಲೇ ಎಲ್ಲಿ ಸೋರ್ತಿದೆ ಅಂತ ಕಾಣೋದು. ತೊಳೆದಿದ್ರೆ ಅರ್ಧ ಗಂಟೆ ಓಡಿಸಿ ಬಂದು ಕೆಳಗೆ ಒಂದು ರಟ್ಟು ಹಾಕಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ನೋಡಿ. ಎಸಿ ನೀರು ತೊಟ್ಟಿಕ್ಕಿದ್ರೆ ಅದು ಸರಿ, ಬೇರೆ ಏನೇ ಬಿದ್ರೂ ಕೇಳಿ.

ಟೈಮಿಂಗ್ ಬೆಲ್ಟ್ ಅಂತಾರಲ್ಲ, ಅದಕ್ಕೆ ಯಾಕಷ್ಟು ಹೆದರಿಸ್ತಾರೆ?

ಹೆದರಬೇಕಾದ್ದೇ. ಪಿಸ್ಟನ್ನೂ ವಾಲ್ವೂ ಒಂದಕ್ಕೊಂದು ತಾಳ ತಪ್ಪದ ಹಾಗೆ ನೋಡ್ಕೊಳ್ಳೋದು ಈ ಬೆಲ್ಟ್. ಎಷ್ಟೋ ಇಂಜಿನ್‌ಗಳಲ್ಲಿ ಓಡ್ತಾ ಇರೋವಾಗ ಅದು ಕಡಿದ್ರೆ ಪಿಸ್ಟನ್ ಹೋಗಿ ತೆರೆದಿರೋ ವಾಲ್ವ್‌ಗೆ ಗುದ್ದತ್ತೆ, ವಾಲ್ವ್ ಬಗ್ಗತ್ತೆ, ಆ ರಿಪೇರಿ ಖರ್ಚಿಗೆ ಹಳೆ ಕಾರು ತಗೊಂಡಿದ್ದೇ ದಂಡ ಅನ್ಸತ್ತೆ. ಸಾಮಾನ್ಯವಾಗಿ 60,000ದಿಂದ 1,00,000 ಕಿಲೋಮೀಟರ್ ಒಳಗೆ, ಇಲ್ಲಾ ಐದರಿಂದ ಹತ್ತು ವರ್ಷದ ಒಳಗೆ, ಯಾವುದು ಮೊದಲು ಬರತ್ತೋ ಆಗ ಬದಲಾಯಿಸ್ಬೇಕು, ನಿಖರ ಲೆಕ್ಕ ಆ ಕಾರಿನ ಮ್ಯಾನುಯಲ್ಲಲ್ಲಿ ಇರತ್ತೆ. "ಹಾಕ್ಸಿದೀವಿ" ಅನ್ನೋ ಬಾಯಿಮಾತು ಬೇಡ, ಬಿಲ್ಲು ತೋರಿಸ್ಲಿ. ಬಿಲ್ಲಿಲ್ಲ ಅಂದ್ರೆ ಹಾಕಿಸಿಲ್ಲ ಅಂತಲೇ ಲೆಕ್ಕ ಹಿಡಿದು ಆ ಖರ್ಚನ್ನ ಬೆಲೇಲಿ ಕಳೀರಿ, ವಾಟರ್ ಪಂಪ್ ಕೂಡ ಜೊತೆಗೇ ಹಾಕಿಸೋದು ವಾಡಿಕೆ, ಯಾಕಂದ್ರೆ ತುಂಬಾ ಇಂಜಿನ್ನುಗಳಲ್ಲಿ ಎರಡಕ್ಕೂ ಬಿಚ್ಚೋ ಕೂಲಿ ಒಂದೇ.

ಬೆಲ್ಟ್ ಬದಲು ಚೈನ್ ಇದ್ರೆ ತಲೆನೋವು ಕಮ್ಮಿ, ಪೂರ್ತಿ ಇಲ್ಲ ಅಂತಲ್ಲ. ಆಯಿಲ್ ಸರಿಯಾಗಿ ಬದಲಾಯಿಸದೇ ಇದ್ರೆ ಚೈನೂ ಹಿಗ್ಗತ್ತೆ, ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿದಾಗ ಗಲಗಲ ಅನ್ನತ್ತೆ. ತಣ್ಣಗಿದ್ದಾಗಲೇ ಹೋಗಿ ಅಂತ ಬಡ್ಕೊಂಡಿದ್ದು ಅದಕ್ಕೂ ಸೇರಿಸಿನೇ.

ಆಕ್ಸಿಡೆಂಟ್ ಆಗಿರೋ ಕಾರು ಹೇಗೆ ಕಂಡುಹಿಡಿಯೋದು?

ಮೇಲೆ ಥಳುಕು ಒಳಗೆ ಹುಳುಕು ಅನ್ನೋ ಗಾದೆ ಇವಕ್ಕೇ ಮಾಡಿಸಿದಂಗಿದೆ. ಸ್ವಲ್ಪ ದೂರ ನಿಂತು ಕಾರಿನ ಪಕ್ಕದ ಉದ್ದಕ್ಕೂ ಓರೆಯಾಗಿ ನೋಡಿ, ಬಿಂಬ ಎಲ್ಲಿ ಅಲೆಅಲೆಯಾಗಿ ಕಾಣತ್ತೋ ಅಲ್ಲಿ ತಗ್ಗು ಮುಚ್ಚೋ ಪೇಸ್ಟು, ಪುಟ್ಟಿ, ತುಂಬಿದ್ದಾರೆ. ಬಾಗಿಲು, ಬಾನೆಟ್, ಡಿಕ್ಕಿ ಸಂದಿಗಳು ಎರಡೂ ಕಡೆ ಒಂದೇ ಅಗಲ ಇರಬೇಕು. ಒಂದು ಸಣ್ಣ ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಹಿಡಿದ್ರೆ ದಪ್ಪ ಪುಟ್ಟಿ ಇರೋ ಕಡೆ ಅಂಟಲ್ಲ, ಆದ್ರೆ ಪ್ಲಾಸ್ಟಿಕ್ ಫೆಂಡರ್ ಮೇಲೆ ಇಟ್ಟು ಆಕ್ಸಿಡೆಂಟ್ ಅಂತ ಕೂಗ್ಬೇಡಿ. ಪೇಂಟ್ ಅಳೆಯೋ ಮೀಟರ್ ಸಿಕ್ರೆ ಇನ್ನೂ ಒಳ್ಳೇದು, ಫ್ಯಾಕ್ಟರಿ ಪೇಂಟ್ ಹೆಚ್ಚುಕಮ್ಮಿ 80ರಿಂದ 150 ಮೈಕ್ರಾನ್ ಇರತ್ತೆ, ಅದರ ಎರಡರಷ್ಟು ಬಂದ್ರೆ ಮತ್ತೊಂದು ಸಲ ಬಳಿದಿದ್ದಾರೆ, 500, 1,000 ಅಂತ ಬಂದ್ರೆ ಒಳಗೆ ಪುಟ್ಟಿ.

ಬಾನೆಟ್ ಹಿಂಜಿನ ಬೋಲ್ಟು, ಫೆಂಡರ್ ಬೋಲ್ಟು ನೋಡಿ, ಅದರ ಮೇಲಿನ ಪೇಂಟ್ ಎದ್ದಿದ್ರೆ ಸ್ಪ್ಯಾನರ್ ಹಾಕಿದ್ದಾರೆ. ಡಿಕ್ಕಿ ಮ್ಯಾಟ್ ಎತ್ತಿ ಸ್ಟೆಪ್ನಿ ತೆಗೆದು ಆ ಗುಂಡಿ ನೋಡಿ, ಹಿಂದಿಂದ ಗುದ್ದಿಸ್ಕೊಂಡ ಸಣ್ಣ ಕಾರಲ್ಲಿ ಅಲ್ಲಿ ಸುಕ್ಕು ಇದ್ದೇ ಇರತ್ತೆ. ಬಂಪರ್, ಬಾಗಿಲು ರಿಪೇರಿ ಆಗಿದ್ರೆ ಪರವಾಗಿಲ್ಲ, ಅದು ಚರ್ಮದ ಗಾಯ. ಇಂಜಿನ್ ಅಕ್ಕಪಕ್ಕ ಉದ್ದಕ್ಕೆ ಹೋಗೋ ಚೌಕಟ್ಟಿನ ತೊಲೆ, ಬಾಗಿಲ ಪಕ್ಕದ ಪಿಲ್ಲರು, ಶಾಕ್ ಅಬ್ಸಾರ್ಬರ್ ಕೂರೋ ಗೋಪುರ, ಇಲ್ಲೆಲ್ಲ ವೆಲ್ಡಿಂಗ್ ಕಂಡ್ರೆ ಮೂಳೆ ಮುರಿದಿದೆ ಅಂತ, ಮುಲಾಜಿಲ್ಲದೆ ಬಿಡಿ.

ಸ್ವಲ್ಪ ತುಕ್ಕು ಇದ್ರೆ ಪರವಾಗಿಲ್ವಾ?

ಎಲ್ಲಿ ಇದೆ ಅನ್ನೋದರ ಮೇಲೆ. ಸೈಲೆನ್ಸರ್ ಮೇಲೆ, ಬೋಲ್ಟ್ ಮೇಲೆ ಮೇಲ್ಮೇಲಿನ ತುಕ್ಕು ಹಳೆ ಕಾರಿಗೆಲ್ಲ ಇರತ್ತೆ. ಬಾಗಿಲ ಕೆಳಗಿನ ಸಿಲ್, ಜಾಕ್ ಇಡೋ ಜಾಗ, ಚಕ್ರದ ಕಮಾನು, ಕಾಲಿಡೋ ನೆಲ, ಇಲ್ಲಿ ಬೆರಳಲ್ಲಿ ಒತ್ತಿ. ಕರಕರ ಅಂತ ಪುಡಿ ಉದುರಿದ್ರೆ, ಪೇಂಟ್ ಕೆಳಗೆ ಗುಳ್ಳೆ ಎದ್ದಿದ್ರೆ, ಕಾಣೋದಕ್ಕಿಂತ ಕಾಣದೇ ಇರೋದೇ ಜಾಸ್ತಿ ಇರತ್ತೆ. ಕೆಳಗಡೆ ಪೂರ್ತಿ ಕಪ್ಪಗೆ ಹೊಸದಾಗಿ ಕೋಟಿಂಗ್ ಬಳಿದಿದ್ರೆ ಕಾಪಾಡೋಕೆ ಬಳಿದ್ರೋ ಮುಚ್ಚೋಕೆ ಬಳಿದ್ರೋ ಅಂತ ಒಂದು ಸಲ ಕೇಳ್ಕೊಳ್ಳಿ.

ನೀರಲ್ಲಿ ಮುಳುಗಿದ ಕಾರು?

ಎಷ್ಟೇ ಅಗ್ಗಕ್ಕೆ ಕೊಟ್ರೂ ಬೇಡ. ಸೀಟ್ ಬೆಲ್ಟ್ ಪೂರ್ತಿ ಕೊನೇವರೆಗೂ ಎಳೀರಿ, ಒಳಗಡೆ ಸುತ್ತಿಕೊಂಡಿರೋ ಭಾಗದಲ್ಲಿ ಕೆಸರಿನ ಗೆರೆ ಸಿಗತ್ತೆ, ಅದನ್ನ ತೊಳೆಯೋದು ಯಾರಿಗೂ ನೆನಪಿರಲ್ಲ. ಸೀಟಿನ ಕೆಳಗಿನ ಕಂಬಿಯಲ್ಲಿ ಮಣ್ಣು, ಡ್ಯಾಶ್‌ಬೋರ್ಡ್ ಕೆಳಗಿನ ಸ್ಕ್ರೂಗಳಿಗೆ ತುಕ್ಕು, ಫ್ಯೂಸ್ ಬಾಕ್ಸಲ್ಲಿ ಹಸಿರು ಪಾಚಿ ಥರದ್ದು, ಹೆಡ್‌ಲೈಟ್ ಒಳಗೆ ನೀರಿನ ಕಲೆ. ಕಾರ್ ಒಳಗೆ ಸೆಂಟ್ ಘಮಘಮ ಅಂತಿದ್ರೆ ಮೂಗಿಗೆ ಮೋಸ ಮಾಡೋ ಕೆಲಸ ನಡೀತಿದೆ ಅಂತಲೇ ನನ್ನ ಅನುಮಾನ, ಕಾರ್ಪೆಟ್ ಎತ್ತಿ ಮೂಸಿ ನೋಡಿ.

ಟೆಸ್ಟ್ ಡ್ರೈವಲ್ಲಿ ಏನೇನು ಮಾಡ್ಬೇಕು?

ಮೊದಲು ಮ್ಯೂಸಿಕ್ ಆಫ್ ಮಾಡಿ, ಪಕ್ಕದಲ್ಲಿ ಕೂತು ಮಾತಾಡ್ತಾನೇ ಇರೋ ಮಾರೋವನಿಗೂ ಸ್ವಲ್ಪ ಸುಮ್ಮನಿರೋಕೆ ಹೇಳಿ. ಕನಿಷ್ಠ ಅರ್ಧ ಗಂಟೆ, ಹಾಳು ರೋಡು ಒಳ್ಳೆ ರೋಡು ಎರಡರಲ್ಲೂ ಓಡಿಸಿ.

ಕ್ಲಚ್‌ಗೆ ಒಂದು ಸುಲಭ ಪರೀಕ್ಷೆ, ನಾಲ್ಕನೇ ಗೇರಲ್ಲಿ ನಿಧಾನಕ್ಕೆ ಹೋಗ್ತಾ ಇದ್ದು ಒಮ್ಮೆಲೇ ಆಕ್ಸಿಲರೇಟರ್ ಒತ್ತಿ, ಇಂಜಿನ್ ಕೂಗು ಏರಿ ಕಾರಿನ ಸ್ಪೀಡ್ ಏರಲಿಲ್ಲ ಅಂದ್ರೆ ಕ್ಲಚ್ ಜಾರ್ತಿದೆ. ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ನಿಧಾನವಾಗಿ ಸುತ್ತು ಹೊಡೀರಿ, ಆಮೇಲೆ ಇನ್ನೊಂದು ಕಡೆ, ಟಕ್ ಟಕ್ ಟಕ್ ಅಂತ ಬಂದ್ರೆ ಚಕ್ರ ತಿರುಗಿಸೋ ಡ್ರೈವ್ ಶಾಫ್ಟಿನ ಕೀಲು, ಸಿವಿ ಜಾಯಿಂಟ್, ಹೋಗಿದೆ, ಮುಂದಿನ ಚಕ್ರ ಎಳೆಯೋ ಸಣ್ಣ ಕಾರುಗಳಲ್ಲಿ ಇದು ಮಾಮೂಲಿ, ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಗೆ ಹಾರಿರತ್ತೆ. ಸ್ಪೀಡ್ ಜೊತೆ ಏರೋ ಗುಂಯ್ ಅನ್ನೋ ಸದ್ದು ವೀಲ್ ಬೇರಿಂಗ್ ಇರಬಹುದು, ಸವೆದ ಟೈರೂ ಅದೇ ಥರ ಕೂಗತ್ತೆ, ಎಡಕ್ಕೆ ಬಲಕ್ಕೆ ತಿರುಗಿಸಿದಾಗ ಸದ್ದು ಬದಲಾದ್ರೆ ಬೇರಿಂಗ್ ಮೇಲೆ ಅನುಮಾನ ಇಡಿ.

ಬ್ರೇಕ್ ಒತ್ತಿದಾಗ ಒಂದು ಕಡೆ ಎಳೀಬಾರದು, ಪೆಡಲ್ ಕಾಲ ಕೆಳಗೆ ನಡುಗಬಾರದು. ನಿಂತಿರೋವಾಗ ಪೆಡಲ್ ಗಟ್ಟಿಯಾಗಿ ಒತ್ತಿ ಹಿಡ್ಕೊಂಡ್ರೆ ಅದು ಮೆಲ್ಲಗೆ ಕೆಳಗಿಳೀತಾ ಹೋದ್ರೆ ಬ್ರೇಕ್ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಸೋರ್ತಿರಬಹುದು, ಅಂಥ ಕಾರನ್ನ ರೋಡಿಗೆ ತರೋಕೇ ಹೋಗ್ಬೇಡಿ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದು ಅಲ್ಲೇ ನಿಲ್ಲಬೇಕು, ಟ್ರಾಫಿಕ್ಕಲ್ಲಿ ನಿಂತಾಗ ಏರಬಾರದು, ರೇಡಿಯೇಟರ್ ಫ್ಯಾನ್ ತಾನಾಗೇ ತಿರುಗೋದು ಕೇಳಿಸ್ಬೇಕು.

ಹಳೆ ಆಟೋಮ್ಯಾಟಿಕ್ ತಗೋಬಹುದಾ?

ಗೇರ್‌ಬಾಕ್ಸ್ ಆಯಿಲ್ ಬದಲಾಯಿಸಿರೋ ದಾಖಲೆ ಇದ್ರೆ ತಗೊಳ್ಳಿ, ಇಲ್ಲಾಂದ್ರೆ ಯೋಚನೆ ಮಾಡಿ. ಬ್ರೇಕ್ ಹಿಡಿದು ಮುಂದಕ್ಕೆ ಹೋಗೋ ಡಿ ಹಾಕಿ, ರಿವರ್ಸಿನ ಆರ್ ಹಾಕಿ, ಒಂದು ಸೆಕೆಂಡಿನ ಆಚೀಚೆ ಮೆತ್ತಗೆ ಕಚ್ಚಬೇಕು, ಯೋಚನೆ ಮಾಡಿ ಮಾಡಿ ದಡ್ ಅಂತ ಒದ್ರೆ ಒಳಗೆ ಸವೆದಿದೆ. ಬಿಸಿಯಾದ ಮೇಲೂ ಇನ್ನೊಂದು ಸಲ ಇದನ್ನೇ ಮಾಡಿ.

ಟೈರ್ ನೋಡಿದ್ರೆ ಏನು ಗೊತ್ತಾಗತ್ತೆ?

ಟೈರಿಗಿಂತ ಜಾಸ್ತಿ ಓನರ್ ಬಗ್ಗೆ ಗೊತ್ತಾಗತ್ತೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರತ್ತೆ, 2319 ಅಂದ್ರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾಗಿದ್ದು. ಗೆರೆ ಎಷ್ಟೇ ಆಳ ಇದ್ರೂ ಹತ್ತು ವರ್ಷದ ಟೈರ್ ಟೈರಲ್ಲ, ಬಿರುಕು ಬಿಟ್ಟಿದ್ರೆ ಅದಕ್ಕಿಂತ ಮುಂಚೇನೇ ಅಲ್ಲ. ಗೆರೆ ಮಧ್ಯದ ಸಣ್ಣ ಉಬ್ಬು 1.6 ಮಿಲಿಮೀಟರಿನ ಗುರುತು, ಅದರ ಮಟ್ಟಕ್ಕೆ ಬಂದಿದ್ರೆ ಮುಗೀತು. ನಡು ಮಾತ್ರ ಸವೆದಿದ್ರೆ ಗಾಳಿ ಜಾಸ್ತಿ ಹಾಕಿ ಓಡಿಸಿದ್ದಾರೆ, ಎರಡೂ ಅಂಚು ಸವೆದಿದ್ರೆ ಕಮ್ಮಿ, ಒಂದೇ ಅಂಚು ಸವೆದಿದ್ರೆ ಅಲೈನ್‌ಮೆಂಟೋ ಸಸ್ಪೆನ್ಷನ್ನೋ ಹೋಗಿದೆ. ನಾಲ್ಕು ಟೈರ್ ನಾಲ್ಕು ಕಂಪನಿದು ಇದ್ರೆ ಅವರು ಬೇರೆ ಕಡೆನೂ ಹಾಗೇ ಉಳಿಸಿರ್ತಾರೆ ಬಿಡಿ.

ಸ್ಕ್ಯಾನರ್ ಹಾಕಿ ನೋಡೋದು ಬೇಕಾ?

ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡುಗಳನ್ನ ಓದೋ ಸಣ್ಣ ಓಬಿಡಿ ಸ್ಕ್ಯಾನರ್ ಫೋನಿಗೇ ಕನೆಕ್ಟ್ ಆಗತ್ತೆ, ಒಂದಿದ್ರೆ ಒಳ್ಳೇದು. ಆದ್ರೆ ಕೋಡ್ ಏನೂ ಇಲ್ಲ ಅಂದ ತಕ್ಷಣ ನಿಟ್ಟುಸಿರು ಬಿಡಬೇಡಿ, ನೀವು ಬರೋಕೆ ಐದು ನಿಮಿಷ ಮುಂಚೆ ಅಳಿಸಿರಬಹುದು. ಹಾಗೆ ಅಳಿಸಿದ್ರೆ ರೆಡಿನೆಸ್ ಮಾನಿಟರ್ ಅನ್ನೋ ಜಾಗದಲ್ಲಿ ಪರೀಕ್ಷೆಗಳೆಲ್ಲ ಅಪೂರ್ಣ ಅಂತ ತೋರಿಸತ್ತೆ, ಬ್ಯಾಟರಿ ಕಳಚಿದ್ರೂ ಹಾಗೇ ಬರತ್ತೆ, ಎರಡಕ್ಕೂ ಕಾರಣ ಕೇಳಿ. ಪಿ0420 ಅಂತ ಬಂದ್ರೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಸರಿಯಿಲ್ಲ ಅನ್ನೋ ಸೂಚನೆ, ಅದು ದುಬಾರಿ ಸಾಮಾನು. ಪಿ0300 ಅಂದ್ರೆ ಮಿಸ್‌ಫೈರ್, ಸಿಲಿಂಡರಲ್ಲಿ ಪೆಟ್ರೋಲ್ ಸರಿಯಾಗಿ ಉರೀತಿಲ್ಲ ಅಂತ, ಅದು ಬರೀ ಪ್ಲಗ್ಗು ಕಾಯಿಲ್ಲೂ ಆಗಿರಬಹುದು.

ಸ್ಕ್ಯಾನರ್ ಇಲ್ಲಾಂದ್ರೂ ಒಂದು ನೋಡಿ, ಕೀ ಆನ್ ಮಾಡಿದಾಗ ಇಂಜಿನ್, ಎಬಿಎಸ್, ಏರ್‌ಬ್ಯಾಗ್ ಲೈಟುಗಳು ಹತ್ತಲೇಬೇಕು, ಆಮೇಲೆ ಆರಬೇಕು. ಹತ್ತಲೇ ಇಲ್ಲ ಅಂದ್ರೆ ಯಾರೋ ಬಲ್ಬನ್ನೇ ಕಿತ್ತಿರಬಹುದು.

ಹಳೆ ಕಾರಿನ ಏರ್‌ಬ್ಯಾಗ್ ನಂಬಬಹುದಾ?

ಕಂಪನಿ ರೀಕಾಲ್, ಅಂದ್ರೆ ದೋಷ ಸರಿ ಮಾಡೋಕೆ ವಾಪಸ್ ಕರೆಯೋದು, ಇದ್ಯಾ ಅಂತ ಚಾಸಿ ನಂಬರ್ ಹಾಕಿ ಚೆಕ್ ಮಾಡಿ. ಟಕಾಟಾ ಅನ್ನೋ ಜಪಾನಿ ಕಂಪನಿ ಮಾಡಿದ್ದ ಏರ್‌ಬ್ಯಾಗ್ ಉಬ್ಬಿಸೋ ಇನ್‌ಫ್ಲೇಟರ್‌ಗಳಲ್ಲಿ ಅಮೋನಿಯಂ ನೈಟ್ರೇಟ್ ಇತ್ತು, ವರ್ಷಗಟ್ಟಲೆ ಸೆಕೆ ತೇವ ಕುಡಿದು ಅದು ಕೆಟ್ಟು, ಏರ್‌ಬ್ಯಾಗ್ ಬಿಚ್ಚೋ ಬದಲು ಲೋಹದ ಡಬ್ಬಾನೇ ಸಿಡಿದು ಚೂರು ಹಾರಿ ಜನ ಸತ್ತಿದ್ದಾರೆ, ಜಗತ್ತಿನಾದ್ಯಂತ ಕೋಟಿಗಟ್ಟಲೆ ಕಾರು ವಾಪಸ್ ಕರೆಸಿದ್ರು, 2017ರಲ್ಲಿ ಆ ಕಂಪನಿ ದಿವಾಳಿನೂ ಆಯ್ತು. ಅದರಲ್ಲಿ ಜನಪ್ರಿಯ ಸಣ್ಣ ಕಾರುಗಳು ಬೇಕಾದಷ್ಟಿವೆ. ರೀಕಾಲ್ ಕೆಲಸ ಕಂಪನಿಯವರು ಪುಕ್ಕಟೆ ಮಾಡ್ಕೊಡ್ತಾರೆ, ಆದ್ರೆ ಮಾಡಿಸ್ಕೊಂಡಿದ್ದಾರಾ ಅನ್ನೋದು ಪ್ರಶ್ನೆ.

ಡೀಸಲ್ ಒಳ್ಳೇದಾ ಪೆಟ್ರೋಲ್ ಒಳ್ಳೇದಾ?

ಊರೊಳಗೆ ಸಣ್ಣಪುಟ್ಟ ಓಡಾಟ ಅಂದ್ರೆ ಹಳೆ ಡೀಸಲ್ ಬೇಡವೇ ಬೇಡ. ಮಸಿ ಹಿಡಿಯೋ ಫಿಲ್ಟರ್ ಇರೋ ಡೀಸಲ್ ಕಾರು ಆಗಾಗ ಹೈವೇಲಿ ಬಿಸಿಯಾಗಿ ಓಡಿದ್ರೆ ಮಾತ್ರ ಆ ಮಸಿ ಸುಟ್ಟುಹೋಗೋದು, ಇಲ್ಲಾಂದ್ರೆ ಕಟ್ಕೊಳ್ಳತ್ತೆ. ಟರ್ಬೋ, ಇಂಜೆಕ್ಟರ್ ಯಾವುದು ಹೋದ್ರೂ ಸಣ್ಣ ಖರ್ಚಲ್ಲ.

ಕಾಗದ ಪತ್ರದಲ್ಲಿ ಏನು ನೋಡ್ಬೇಕು?

ಚಾಸಿ ನಂಬರ್ 17 ಅಕ್ಷರ ಅಂಕಿಗಳದ್ದು, ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಬರಲ್ಲ, 1, 0 ಅನ್ನೋ ಅಂಕಿಗಳ ಜೊತೆ ಗೊಂದಲ ಆಗಬಾರದು ಅಂತ. ಕಾರಿನ ಲೋಹದ ಮೇಲೆ ಕೊರೆದಿರೋದೂ ಕಾಗದದಲ್ಲಿ ಇರೋದೂ ಒಂದೊಂದೇ ಅಕ್ಷರ ಹೋಲಿಸಿ, ಕೊರೆದ ಜಾಗ ಉಜ್ಜಿದ ಹಾಗಿದ್ರೆ ಅಲ್ಲಿಂದ ಹೊರಡಿ. ಮಾರೋವನ ಹೆಸರಲ್ಲೇ ಕಾರು ಇದ್ಯಾ, ಮೇಲೆ ಸಾಲ ಬಾಕಿ ಇದ್ಯಾ, ದಂಡ ಬಾಕಿ ಇದ್ಯಾ, ಎರಡೂ ಕೀ ಕೊಡ್ತಾರಾ. "ಅಣ್ಣಂದು ಕಾರು, ಅವನು ಊರಲ್ಲಿಲ್ಲ, ಸೈನ್ ಆಮೇಲೆ ಹಾಕಿಸ್ಕೊಡ್ತೀನಿ" ಅಂದ್ರೆ ಅಣ್ಣ ಬಂದ ಮೇಲೇ ಬರ್ತೀನಿ ಅನ್ನಿ.

ಇಷ್ಟೆಲ್ಲ ನಾನೇ ನೋಡಿದ ಮೇಲೂ ಮೆಕ್ಯಾನಿಕ್ ಬೇಕಾ?

ಬೇಕು. ನೀವು ನೋಡೋದು ಹತ್ತು ಕಾರಲ್ಲಿ ಎಂಟನ್ನ ಬಿಡೋಕೆ, ಮೆಕ್ಯಾನಿಕ್ ಬೇಕಾಗಿರೋದು ಉಳಿದ ಎರಡಕ್ಕೆ. ಲಿಫ್ಟ್ ಮೇಲೆ ಎತ್ತಿ ಕೆಳಗಿಂದ ನೋಡ್ಲಿ, ಸಿಲಿಂಡರ್ ಕಂಪ್ರೆಷನ್ ಅಳೀಲಿ. ಮಾರೋವನೇ ಹೇಳಿದ ಮೆಕ್ಯಾನಿಕ್ ಮಾತ್ರ ಬೇಡ. ಪರೀಕ್ಷೆಗೇ ಒಪ್ಪಲ್ಲ ಅಂದ್ರೆ ಅವರಿಗೆ ಉತ್ತರ ಮೊದಲೇ ಗೊತ್ತು ಅಂತ.

ಚೌಕಾಸಿ ಹೇಗೆ ಮಾಡೋದು?

ಸುಮ್ಮನೆ ಕಮ್ಮಿ ಮಾಡಿ ಅಂದ್ರೆ ಯಾರೂ ಮಾಡಲ್ಲ. ಟೈರ್ ನಾಲ್ಕು, ಬೆಲ್ಟ್, ಬ್ಯಾಟರಿ ಅಂತ ಒಂದು ಚೀಟಿಯಲ್ಲಿ ಬರೆದು ಒಂದೊಂದಕ್ಕೂ ನಿಜವಾದ ರೇಟ್ ವಿಚಾರಿಸ್ಕೊಂಡು ಅವರ ಮುಂದೆ ಇಡಿ. ಬ್ಯಾಟರಿಗೆ ಸಣ್ಣ ಮಲ್ಟಿಮೀಟರ್ ಸಾಕು, ರಾತ್ರಿ ನಿಂತಿದ್ದ ಕಾರಲ್ಲಿ 12.6 ವೋಲ್ಟ್ ಹತ್ರ, ಇಂಜಿನ್ ಓಡ್ತಿರೋವಾಗ ಸಾಮಾನ್ಯವಾಗಿ 13.8ರಿಂದ 14.5 ಬರಬೇಕು. ಆಮೇಲೆ ನಿಮ್ಮ ಹತ್ರ ಇರೋ ದುಡ್ಡೆಲ್ಲ ಕಾರಿಗೇ ಹಾಕ್ಬೇಡಿ, ಐದರಲ್ಲಿ ಒಂದು ಪಾಲು ಎತ್ತಿಡಿ, ಮೊದಲ ಮೂರು ತಿಂಗಳಲ್ಲಿ ಏನೋ ಒಂದು ಕೇಳೇ ಕೇಳತ್ತೆ.

ಮನೆಗೆ ತಂದ ಮೇಲೆ ಮೊದಲು ಏನು ಮಾಡಿಸ್ಲಿ?

ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್ ಎಲ್ಲ ಬದಲಾಯಿಸಿಬಿಡಿ, ಹೋದ ತಿಂಗಳೇ ಮಾಡಿಸಿದ್ದು ಅಂತ ಅವರು ಹೇಳಿದ್ರೂ ಸರಿ. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಎಳ್ಕೊಳ್ಳತ್ತೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸ್ಬೇಕು ಅನ್ನೋದು ತುಂಬಾ ಜನಕ್ಕೆ ಗೊತ್ತೇ ಇರಲ್ಲ. ಟೈಮಿಂಗ್ ಬೆಲ್ಟಿನ ಬಿಲ್ಲು ಸಿಕ್ಕಿರಲಿಲ್ಲ ಅಂದ್ರೆ ಸೀಟ್ ಕವರ್, ಹೊಸ ಮ್ಯೂಸಿಕ್ ಸಿಸ್ಟಮ್ ಅಂತ ಹೋಗೋಕೆ ಮುಂಚೆ ಅದನ್ನ ಹಾಕಿಸಿ. ಒಂದು ಸಣ್ಣ ಪುಸ್ತಕ ಇಟ್ಕೊಂಡು ತಾರೀಖು, ಕಿಲೋಮೀಟರ್, ಏನು ಮಾಡಿಸಿದ್ರಿ ಅಂತ ಬರೀತಾ ಬನ್ನಿ, ಬಿಲ್ಲುಗಳನ್ನೂ ಅದರಲ್ಲೇ ಇಡಿ, ಮುಂದೆ ನೀವು ಮಾರೋವಾಗ ಬರೋವನು ಬಾನೆಟ್ ಮೇಲೆ ಕೈ ಇಟ್ಟು ನೋಡಿ ಆ ಪುಸ್ತಕನೇ ಮೊದಲು ಕೇಳ್ತಾನೆ.